ಬಿಯರ್ ಮ್ಯಾಶ್‌ಗೆ ಎಂಥ ಐಸ್ ಬಾಕ್ಸ್?

ಪ್ರಶ್ನೆ: ಬಿಯರ್‌ಗೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸಿ ರಸ ತೆಗೆಯಲು, ಅಂದರೆ ಮ್ಯಾಶ್ ಮಾಡಲು, ಬಿಸಿ ಆರದಂತೆ ಹಿಡಿದಿಡುವ ಐಸ್ ಬಾಕ್ಸ್ ಕೊಳ್ಳಬೇಕು. ಒಂದು ಸಲಕ್ಕೆ 20 ಲೀಟರ್ ಬಿಯರ್. ಚೌಕದ್ದೋ, ದುಂಡನೆಯದೋ? ಎಷ್ಟು ದೊಡ್ಡದು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮೊದಲು ಅಬಕಾರಿ ಪರವಾನಗಿ ವಿಚಾರಿಸಿಕೊಳ್ಳಿ; ಅದಿಲ್ಲದೆ ಬಿಯರ್ ತಯಾರಿಸುವುದು ನಮ್ಮ ರಾಜ್ಯದಲ್ಲಿ ಅಪರಾಧ.

ಇನ್ನು ಬಾಕ್ಸ್. 4.5 ಕಿಲೊ ಮಾಲ್ಟ್‌ಗೆ 12 ಲೀಟರ್ ನೀರು ಸೇರಿದರೆ ಸುಮಾರು 15 ಲೀಟರ್ ಜಾಗ ಹಿಡಿಯುತ್ತದೆ. 25 ಲೀಟರಿನದು ಧಾರಾಳ. 50 ಲೀಟರಿನದು ತಂದರೆ ಮೇಲಿನ ಖಾಲಿ ಜಾಗವೇ ಬಿಸಿ ತಿನ್ನುತ್ತದೆ. ದುಂಡನೆಯದೇ ವಾಸಿ: ಕಾಳಿನ ಪದರ ದಪ್ಪಗೆ ಕೂತು ರಸ ತಿಳಿಯಾಗಿ ಇಳಿಯುತ್ತದೆ. ಅಂಗಡಿಯಲ್ಲೇ ಮುಚ್ಚಳ ತಟ್ಟಿ ನೋಡಿ. ಎಷ್ಟೋ ಬಾಕ್ಸ್‌ಗಳ ಮುಚ್ಚಳದಲ್ಲಿ ಫೋಮ್ ಇರುವುದಿಲ್ಲ, ಬರೀ ಟೊಳ್ಳು. ಅಂಥದ್ದಕ್ಕೆ ಕಂಬಳಿ ಹೊದಿಸಬೇಕಾಗುತ್ತದೆ.

ಜೊತೆಗೆ ಬರುವ ಒತ್ತುವ ನಲ್ಲಿ ಕಿತ್ತು, ಅರ್ಧ ಇಂಚಿನ ಸ್ಟೀಲ್ ಬಾಲ್ ವಾಲ್ವ್ ಕೂರಿಸಿ. ಒಳಗೂ ಹೊರಗೂ ಸಿಲಿಕಾನ್ ವಾಷರ್, ಒಳಬಾಯಿಗೆ ಸ್ಟೀಲ್ ಜಾಲರಿ.

ಮ್ಯಾಶ್ 67 ಡಿಗ್ರಿಯಲ್ಲಿ ನಿಲ್ಲಬೇಕಾದರೆ, ಮಾಲ್ಟ್ 25 ಡಿಗ್ರಿ ಇದ್ದಾಗ ನೀರು 73ರಿಂದ 74 ಇರಲಿ. ಡಿಸೆಂಬರಿನ ಚಳಿಗೆ ಮಾಲ್ಟ್ 15ಕ್ಕಿಳಿದಿದ್ದರೆ 75. ಅದಕ್ಕೂ ಮೊದಲು ಬಾಕ್ಸ್‌ಗೆ ಬಿಸಿನೀರು ತುಂಬಿ 10 ನಿಮಿಷ ಬಿಟ್ಟು ಚೆಲ್ಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ರಸ ಇಳಿಯದೆ ನಿಂತರೆ ಬಹುಮಟ್ಟಿಗೆ ಮಾಲ್ಟ್ ನುಣ್ಣಗಾಗಿರುತ್ತದೆ. ತರಿಯಾಗಿ ಒಡೆಸಿ, ಸಿಪ್ಪೆ ಉಳಿಯಲಿ. ತೊಳೆದ ಭತ್ತದ ಹೊಟ್ಟು 200 ಗ್ರಾಂ ಬೆರೆಸಿದರೂ ದಾರಿ ಬಿಡುತ್ತದೆ.