ಮುಳಬಾಗಿಲಿನ ಮಾತುಕತೆ

ಮನೆಯಲ್ಲಿ ತೆಲುಗು ಆಡುವ ನೀವು ಎಂಥ ಕನ್ನಡಿಗರು ಎಂದು ಕೇಳಿದೆಯಲ್ಲ ಗೆಳೆಯ, ನಾವು ಕೋಲಾರ ಜಿಲ್ಲೆಯ ಮುಳಬಾಗಿಲು ಸೀಮೆಯ ಕನ್ನಡಿಗರು. ನಂಗಲಿ ದಾಟಿದರೆ ಆಂಧ್ರ. ಸಂತೆ, ಬಸ್ಸು, ಟೊಮೆಟೊ ಮಂಡಿಗಳಲ್ಲಿ ಯಾರು ಯಾವ ಭಾಷೆ ಆಡುತ್ತಾರೆ ಎಂದು ವಿವರಿಸುತ್ತ ಕೂರುವುದಿಲ್ಲ. ಒಂದು ಮಾತುಕತೆಯನ್ನಷ್ಟೇ ಹೇಳುತ್ತೇನೆ.

ನಮ್ಮಲ್ಲಿ ಬರೀ ‘ಮಾತುಕತೆಗೆ ಹೋಗಿದ್ದಾರೆ’ ಎಂದರೂ ಸಾಕು, ಮದುವೆ ವಿಷಯವೆಂದು ತಿಳಿಯುತ್ತದೆ. ತಂಗಿಯ ಮಾತುಕತೆ ಆಂಧ್ರದ ಪಲಮನೇರಿನವರ ಜತೆ ನಡೆಯಿತು. ಅವರು ತೆಲುಗಿನಲ್ಲಿ ಕೇಳಿದರು, ದೊಡ್ಡಪ್ಪ ಕನ್ನಡದಲ್ಲಿ ಉತ್ತರಿಸಿದರು. ಛತ್ರದ ಖರ್ಚಿನ ಬಳಿ ದನಿ ಏರಿತು, ಭಾಷೆಯ ಬಳಿ ಒಮ್ಮೆಯೂ ಏರಲಿಲ್ಲ. ಕೊನೆಗೆ ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳುವಾಗ ದೊಡ್ಡಪ್ಪ ‘ಮಾತು ಕೊಟ್ಟಿದ್ದೇವೆ’ ಎಂದರು. ಆ ಕಡೆಯ ಹಿರಿಯರು ‘ಮಾಟ ಇಚ್ಚಾಮು’ ಎಂದರು.

ಈ ಮಾಟ ಮಾಟಮಂತ್ರದ್ದಲ್ಲ. ನಮ್ಮ ಮಾತಿನ ಒಡಹುಟ್ಟು. ಕನ್ನಡದ ಸುತ್ತು ತೆಲುಗಿನಲ್ಲಿ ಚುಟ್ಟು, ಹುತ್ತ ಅಲ್ಲಿ ಪುಟ್ಟ. ಅದೇ ಜಾಡಿನಲ್ಲಿ ಮಾತು, ಮಾಟ. ಹಳೆಯ ತಮಿಳಿನಲ್ಲಿ ‘ಮಾಟ್ರಂ’ ಎಂದರೆ ನುಡಿಯೂ ಹೌದು, ಮಾರುತ್ತರವೂ ಹೌದು. ಭಾಷಾಶಾಸ್ತ್ರಜ್ಞರು ಇವನ್ನೆಲ್ಲ ‘ಮಾರು’ ಎಂಬ ಧಾತುವಿನ ಅಡಿ ಸೇರಿಸುತ್ತಾರೆ: ಬದಲಾಗು, ಬದಲಾಯಿಸಿಕೊ. ನಾವು ಸರಕು ಮಾರುವುದೂ ಅದೇ ಮಾರು. ಒಬ್ಬರು ಕೊಟ್ಟು ಇನ್ನೊಬ್ಬರು ತಿರುಗಿ ಕೊಟ್ಟರೆ ಮಾತು. ಇನ್ನು ‘ಕತೆ’ ಸಂಸ್ಕೃತದ ಕಥಾದಿಂದ ಬಂದದ್ದು. ಅಲ್ಲಿ ಅದಕ್ಕೆ ಸಂಭಾಷಣೆ ಎಂಬ ಅರ್ಥವೂ ಇದೆ. ಹೀಗೆ ಎರಡು ಭಾಷೆಗಳ ಎರಡು ಪದ ಜೋಡಿಯಾಗಿ ಒಂದೇ ಕೆಲಸ ಮಾಡುತ್ತಿವೆ, ಅದನ್ನು ಯಾರೂ ಬೆರಕೆ ಎಂದು ದೂರಿಲ್ಲ.

ದೂರುವುದು ನಮ್ಮನ್ನು. ಅರ್ಜಿ ಯಾವುದೇ ಇರಲಿ, ‘ಮಾತೃಭಾಷೆ’ ಎಂಬ ಒಂದು ಕಲಂ ಇದ್ದೇ ಇರುತ್ತದೆ, ಜಾಗ ಒಂದೇ ಪದಕ್ಕೆ. ತೆಲುಗು ಎಂದು ಬರೆದರೆ ಮೇಜಿನ ಆಚೆಯವರು ‘ಕನ್ನಡ ಓದಲು ಬರುತ್ತದೆಯೇ?’ ಎನ್ನುತ್ತಾರೆ, ಇಡೀ ಅರ್ಜಿಯನ್ನು ಕನ್ನಡದಲ್ಲೇ ತುಂಬಿದವನನ್ನು! ಕನ್ನಡ ಎಂದು ಬರೆದರೆ ನನ್ನನ್ನು ತೆಲುಗಿನಲ್ಲಿ ತೂಗಿ ಮಲಗಿಸಿದ ಅಜ್ಜಿಯನ್ನು ಅಳಿಸಿ ಹಾಕಿದಂತಾಗುತ್ತದೆ. ಮಗಳನ್ನು ಶಾಲೆಗೆ ಸೇರಿಸುವಾಗಲೂ ಇದೇ ಗೋಳು. ನಿಜಕ್ಕೂ ಸುಸ್ತಾಗಿದೆ.

ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದಾಗ ಅದನ್ನು ಕನ್ನಡದ್ದಲ್ಲ ಎಂದವರುಂಟೇ? ಸಂತಕವಿ ಕೈವಾರದ ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಇಲ್ಲಿಯ ಭಜನೆಗಳಲ್ಲಿ ಎರಡನ್ನೂ ಹಾಡುತ್ತಾರೆ. ನಮ್ಮ ಕನ್ನಡಕ್ಕೆ ಮಾತ್ರ ಏಕೆ ಸಾಕ್ಷಿ ಕೇಳುತ್ತೀರಿ?

ಈಗ ಆ ಕಲಂನಲ್ಲಿ ‘ಕನ್ನಡ, ತೆಲುಗು’ ಎಂದು ಎರಡನ್ನೂ ಒತ್ತೊತ್ತಾಗಿ ಬರೆಯುತ್ತೇನೆ. ಒಂದನ್ನು ಹೊಡೆದುಹಾಕಿ ಎಂದರೆ, ಯಾವುದನ್ನು ಎಂದು ನೀವೇ ಬರೆದುಕೊಡಿ ಎನ್ನುತ್ತೇನೆ. ಇದುವರೆಗೆ ಯಾರೂ ಬರೆದುಕೊಟ್ಟಿಲ್ಲ.