ಹತ್ತು ನಿಮಿಷಕ್ಕೇ ಸೊಂಟ ಹಿಡ್ಕೊಂಡ್ರೆ ಮೊದ್ಲು ಎಳೆಯೋ ಕ್ರಮ ನೋಡಿ
ನಮಸ್ಕಾರ ಸರ್, ಕಡಿಮೆ ಬೆಲೆಯ ಮ್ಯಾಗ್ನೆಟಿಕ್ ರೋಯಿಂಗ್ ಮಷಿನ್ (ಕೂತು ದೋಣಿಗೆ ಹುಟ್ಟು ಹಾಕೋ ಥರ ಎಳೆಯೋ ವ್ಯಾಯಾಮದ ಮಷಿನ್) ತಗೊಂಡು ಎರಡು ವಾರ ಆಯ್ತು, ಹತ್ತು ನಿಮಿಷಕ್ಕೇ ಸೊಂಟ ನೋವು, ದುಬಾರಿದೇ ತಗೋಬೇಕಿತ್ತಾ ಅಂತ ಕೇಳಿದೀರಲ್ಲ, ದುಡ್ಡು ಹಾಕೋದು ಈಗ್ಲೇ ಬೇಡ. ನನಗೂ ಶುರುನಲ್ಲಿ ಹಿಂಗೇ ಆಗಿತ್ತು, ಬರೀ ಕೈಯಲ್ಲಿ ಎಳೀತಿದ್ದೆ, ಆದ್ರೆ ಇದು ಮುಖ್ಯವಾಗಿ ಕಾಲಿನ ಕೆಲಸ. ಮೊದ್ಲು ಕಾಲಲ್ಲಿ ಜೋರಾಗಿ ತಳ್ಳಿ, ಅಲ್ಲೀವರೆಗೂ ಕೈ ನೇರವಾಗೇ ಇರ್ಲಿ, ಕಾಲು ಇನ್ನೇನು ನೇರ ಆಗತ್ತೆ ಅನ್ನೋವಾಗ ಬೆನ್ನು ಬಾಗಿಸದೆ ಸ್ವಲ್ಪ ಹಿಂದಕ್ಕೆ ವಾಲಿ, ಕೊನೇಲಿ ಕೈಯಲ್ಲಿ ಎಳೀರಿ, ಹ್ಯಾಂಡಲ್ ಪಕ್ಕೆಲುಬಿನ ಕೆಳಗೆ ಬರ್ಬೇಕು. ವಾಪಸ್ ಹೋಗೋವಾಗ ಉಲ್ಟಾ, ಕೈ, ಬೆನ್ನು, ಆಮೇಲೆ ಮಂಡಿ. ಹ್ಯಾಂಡಲ್‌ನ ಮಂಡಿ ಮೇಲಿಂದ ಎತ್ತಿ ದಾಟಿಸ್ಬೇಕಾಗ್ತಿದ್ರೆ ಮಂಡಿ ಬೇಗ ಮಡಚ್ತಿದೀರಿ ಅಂತ ಅರ್ಥ. ಸೀಟು ಹಿಂದಕ್ಕೆ ಓಡಿ ಹ್ಯಾಂಡಲ್ ಅಲ್ಲೇ ಉಳಿದ್ರೆ ಭಾರ ಎಲ್ಲಾ ಕೆಳಬೆನ್ನಿಗೇ ಬೀಳತ್ತೆ, ನಿಮಗೆ ಆಗ್ತಿರೋದು ಇದೇ ಇರ್ಬೋದು, ಮೊಬೈಲ್ ಪಕ್ಕದಲ್ಲಿಟ್ಟು ಒಂದು ನಿಮಿಷ ವಿಡಿಯೋ ತೆಗೆದು ನೋಡಿ. ರೆಸಿಸ್ಟೆನ್ಸ್ (ಎಳೆಯೋವಾಗ ಸಿಗೋ ಬಿಗಿ) ಕಡಿಮೆ ಇಡಿ, ನಿಮಿಷಕ್ಕೆ 18ರಿಂದ 22 ಸ್ಟ್ರೋಕ್ (ಒಂದು ಸಲ ಎಳೆದು ವಾಪಸ್ ಬಂದ್ರೆ ಒಂದು) ಸಾಕು, ತಳ್ಳೋಕೆ ಒಂದು ಎಣಿಕೆ, ವಾಪಸ್ ಬರೋಕೆ ಎರಡು. ನೋವು ಕಾಲಿಗೆ ಇಳೀತಿದ್ರೆ ಅಥವಾ ಜೋಮು ಹಿಡೀತಿದ್ರೆ ನಿಲ್ಸಿ, ಡಾಕ್ಟರ್‌ಗೆ ತೋರ್ಸಿ.