ಕಸೂತಿ ತರಗತಿಗೆ ಸೇರಬೇಕೆ? ಹೊಲಿಗೆಯ ಹಿಂಬದಿ ಯಾಕೆ ಕೆಡುತ್ತದೆ?

ಅಕ್ಕಾ, ನೀವು ಕೇಳಿದ್ದು ಎರಡು. ನಿಟ್ಟಿಂಗ್, ಕ್ರಾಸ್ ಸ್ಟಿಚ್ ಎರಡೂ ಬರುತ್ತವೆ, ಹುಬ್ಬಳ್ಳಿಯಲ್ಲಿ ಮನೆ ಹತ್ತಿರವೇ ವಾರಕ್ಕೆ ಎರಡು ದಿನದ ಕಸೂತಿ ತರಗತಿ ಶುರುವಾಗುತ್ತಿದೆ, ದುಡ್ಡು ಕಟ್ಟಬೇಕೋ ವಿಡಿಯೊ ನೋಡಿಯೇ ಕಲಿಯಬಹುದೋ ಅನ್ನೋದು ಒಂದು. ವಿಡಿಯೊ ನೋಡಿ ಹಾಕಿದ ಗೋಪುರದ ಚಿತ್ತಾರ ಮುಂದಿನಿಂದ ಚೆನ್ನಾಗಿದೆ, ತಿರುಗಿಸಿದರೆ ದಾರ ಅಡ್ಡಾದಿಡ್ಡಿ ಓಡಿದೆ, ಯಾಕೆ ಅನ್ನೋದು ಇನ್ನೊಂದು.

ಸೇರಿಕೊಳ್ಳಿ. ಬಟ್ಟೆಯ ನೂಲು ಎಣಿಸಿ ಹಾಕುವ ಈ ಕಸೂತಿಯಲ್ಲಿ ಹೊಲಿಗೆ ಸುಲಭ, ದಾರಿ ಕಷ್ಟ. ಸೂಜಿ ಯಾವ ಗೆರೆಯಿಂದ ಯಾವ ಗೆರೆಗೆ ಹೋಗಬೇಕು, ಎಲ್ಲಿ ಹೊರಳಬೇಕು ಅನ್ನೋದನ್ನು ವಿಡಿಯೊದವರು ತೋರಿಸೋದು ಕಡಿಮೆ, ತೋರಿಸಿದರೂ ನಿಮ್ಮ ಬಟ್ಟೆ ತಿರುಗಿಸಿ ತಪ್ಪು ಹಿಡಿಯುವವರು ಅಲ್ಲಿಲ್ಲ. ಎದುರಿಗೆ ಕೂತು ಕಲಿಸುವವರು ಬೇಕಾಗೋದು ಇದಕ್ಕೇ.

ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಇವುಗಳಲ್ಲಿ ಗವಂತಿ, ಮುರ್ಗಿ ಎರಡು ಮಾತ್ರ ಎರಡೂ ಬದಿ ಒಂದೇ ಥರ ಕಾಣುತ್ತವೆ. ನೇಗಿ ನೇಯ್ಗೆಯ ಹಾಗೆ ಕಾಣುವ ಹೊಲಿಗೆ, ಅದರಲ್ಲಿ ಮುಂದೆ ದಾರ ಇದ್ದ ಕಡೆ ಹಿಂದೆ ಖಾಲಿ, ಮುಂದೆ ಖಾಲಿ ಇದ್ದ ಕಡೆ ಹಿಂದೆ ದಾರ. ಮೆಂತಿ ನಿಮಗೆ ಗೊತ್ತಿರುವ ಕ್ರಾಸ್ ಸ್ಟಿಚ್ಚೇ, ಸಾಲಾಗಿ ಹಾಕಿದರೆ ಹಿಂದೆ ಬರೀ ನೆಟ್ಟಗಿನ ಗೆರೆ ಬರುತ್ತವೆ. ಆದ್ದರಿಂದ ನಿಮ್ಮ ಗೋಪುರದಲ್ಲಿ ಮೆಂತಿ ತುಂಬಿದ ಭಾಗದ ಹಿಂಬದಿ ಬೇರೆ ಕಂಡರೆ ಅದು ತಪ್ಪಲ್ಲ. ಗವಂತಿಯ ಗೆರೆಗಳ ಹಿಂದೆ, ಮುಂದೆ ಇಲ್ಲದ ಓರೆ ದಾರ ಕಂಡರೆ ಮಾತ್ರ ದಾರಿ ತಪ್ಪಿದೆ ಅಂತ ಅರ್ಥ.

ಗವಂತಿ ಅಂದರೆ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು. ನೇರ ಗೆರೆಯಲ್ಲಿ ಯಾರೂ ತಪ್ಪಲ್ಲ. ತಪ್ಪೋದು ಎರಡು ಕಡೆ.

ಒಂದು, ಮುಚ್ಚಿದ ಆಕಾರದಲ್ಲಿ. ಬದಿಗೆ 3 ಹೊಲಿಗೆಯ ಒಂದು ಚೌಕ ತೆಗೆದುಕೊಳ್ಳಿ, ಸುತ್ತ 12 ಹೊಲಿಗೆ. ಮೊದಲ ಸುತ್ತಿನಲ್ಲಿ 1, 3, 5 ಹೀಗೆ ಬೆಸ ಹೊಲಿಗೆಗಳು ಮುಂದೆ, 2, 4, 6 ಹೀಗೆ ಸಮ ಹೊಲಿಗೆಗಳು ಹಿಂದೆ ಬೀಳುತ್ತವೆ. ಹನ್ನೆರಡನೆಯದು ಹಿಂದೆ ಬಿದ್ದು ಸೂಜಿ ಶುರುಮಾಡಿದ ತೂತಿನಲ್ಲೇ ಮೇಲೆ ಬರುತ್ತದೆ. ಇಲ್ಲಿ ಎಲ್ಲರೂ ಬಂದ ದಿಕ್ಕಿನಲ್ಲೇ ಮುಂದುವರಿಯುತ್ತಾರೆ. ಆಗ ಹದಿಮೂರನೆಯ ಹೊಲಿಗೆ ಒಂದನೆಯದರ ಮೇಲೇ ಬೀಳುತ್ತದೆ, ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ಅದನ್ನು ಸರಿಮಾಡಲು ಹಿಂದಿನಿಂದ ಬಟ್ಟೆಯ ಒಂದು ಮನೆ, ಅಂದರೆ ಒಂದು ಚೌಕ, ಹಾರಿಸಿದಿರೋ, ಅಲ್ಲಿಗೆ ಹಿಂಬದಿ ಕೆಟ್ಟಿತು. ಸರಿಯಾದ ದಾರಿ ಅಂದರೆ ಶುರುವಿನ ತೂತಿಗೆ ಬಂದ ಕೂಡಲೇ ಹೊರಳಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು. ಹನ್ನೆರಡನೆಯ ಗೆರೆಯ ಮೇಲೆ ಮುಂದಿನಿಂದ ಹಾಕಿ, ಹನ್ನೊಂದನೆಯದಕ್ಕೆ ಹಿಂದಿನಿಂದ, ಹಾಗೇ ಒಂದನೆಯದರ ತನಕ. ಹೊಲಿಗೆಯ ಲೆಕ್ಕ ಸಮಸಂಖ್ಯೆ ಇರುವ ಎಲ್ಲ ಮುಚ್ಚಿದ ಆಕಾರಕ್ಕೂ ಇದೇ ನಿಯಮ. ಹೊರಳುವಾಗ ಶುರುವಿನ ದಾರದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಅದೇ ತೂತಿನಲ್ಲಿ ಎಳೆದುಕೊಂಡು ಬಂದುಬಿಡುತ್ತದೆ.

ಎರಡು, ಕವಲುಗಳಲ್ಲಿ. ಗೋಪುರದ ಅಡಿಗೆರೆಯ ಮೇಲೆ ಹೋಗುವಾಗ ಒಂದು ಕಂಬ ಎದ್ದಿದ್ದರೆ ಅದನ್ನು ಆಮೇಲೆ ಹಾಕೋಣ ಅಂತ ಬಿಡಬೇಡಿ. ಕವಲಿಗೆ ಬಂದ ತಕ್ಷಣ ಕಂಬ ಹತ್ತಿ, ತುದಿ ಮುಟ್ಟಿ, ತುಂಬಿಕೊಂಡು ಇಳಿದು, ಆಮೇಲೆ ಅಡಿಗೆರೆ ಮುಂದುವರಿಸಿ. ಹತ್ತಿ ಇಳಿಯುವ ಹೊಲಿಗೆಗಳು ಸೇರಿ ಯಾವಾಗಲೂ ಸಮಸಂಖ್ಯೆಯೇ ಆಗುವುದರಿಂದ ಅಡಿಗೆರೆಯ ಒಂದು ಮುಂದೆ ಒಂದು ಹಿಂದೆ ಲೆಕ್ಕ ಕೆಡುವುದಿಲ್ಲ. ಕಂಬಕ್ಕೆ ಮತ್ತೆ ಕವಲಿದ್ದರೆ ಅಲ್ಲೂ ಹಾಗೇ. ಕವಲು ಹೋಗಿ ಇನ್ನೊಂದು ಗೆರೆಯನ್ನು ಮುಟ್ಟಿದರೆ ದಾಟಬೇಡಿ, ಮುಟ್ಟಿ ವಾಪಸ್ ಬನ್ನಿ. ಹೀಗೆ ಮಾಡಿದರೆ ಬಿಡಿಬಿಡಿಯಾಗಿರದ ಯಾವ ಚಿತ್ತಾರವನ್ನಾದರೂ ಶುರುಮಾಡಿದ ತೂತಿನಲ್ಲೇ ಮುಗಿಸಬಹುದು. ತುಳಸಿಕಟ್ಟೆ ಇದಕ್ಕೆ ಒಳ್ಳೆಯ ಅಭ್ಯಾಸ, ಕವಲು ತುಂಬ ಇರುತ್ತವೆ, ಆಕಾರ ಚಿಕ್ಕದು. ಗೋಪುರವನ್ನು ಈಗಲೇ ಹಿಡಿದದ್ದು ಸ್ವಲ್ಪ ಬೇಗ ಆಯಿತು ಅನ್ನಿಸುತ್ತದೆ.

ಮುರ್ಗಿ ಮೆಟ್ಟಿಲಿನ ಹಾಗೆ ಓಡುತ್ತದೆ. ತಪಾಸಣೆ ಸುಲಭ. ಹೋಗುವ ಸುತ್ತು ಮುಗಿದಾಗ ಮುಂದೆ ಬರೀ ಅಡ್ಡ ಹೊಲಿಗೆ, ಹಿಂದೆ ಬರೀ ನೆಟ್ಟಗಿನ ಹೊಲಿಗೆ ಇರಬೇಕು. ಒಂದು ಓರೆ ಕಂಡರೂ ಅಲ್ಲಿಯ ತನಕ ಬಿಚ್ಚಿ. ಮುಂದೆ ಹೋಗಿ ಸರಿಮಾಡಲು ಆಗುವುದಿಲ್ಲ.

ಹಿಂಬದಿ ಸರಿ ಇದ್ದೂ ಗೆರೆ ಹಲ್ಲುಹಲ್ಲಾಗಿ ಕಂಡರೆ ಕಾರಣ ಬೇರೆ. ವಾಪಸ್ ಬರುವಾಗ ಪ್ರತಿ ತೂತಿನಲ್ಲಿ ಹಳೆಯ ದಾರದ ಯಾವ ಪಕ್ಕಕ್ಕೆ ಸೂಜಿ ಹೋಗುತ್ತದೆ ಅನ್ನೋದು ಒಂದೇ ರೀತಿ ಇರಬೇಕು. ಮೇಲೆ ಬರುವಾಗ ಹಳೆಯ ಹೊಲಿಗೆಯ ಮೇಲ್ಪಕ್ಕದಿಂದ, ಕೆಳಗೆ ಹೋಗುವಾಗ ಕೆಳಪಕ್ಕದಿಂದ, ಕೊನೆಯ ತನಕ ಹೀಗೇ. ಹಳೆಯ ದಾರದ ಎಳೆ ಸೀಳಿ ಸೂಜಿ ಹೋದರೂ ಗೆರೆ ಕೆಡುತ್ತದೆ, ಬಿಚ್ಚುವಾಗಲೂ ಜೀವ ತಿನ್ನುತ್ತದೆ. ಅದಕ್ಕೇ ಮನೆ ಎಣಿಸಲು ಬರುವ ಹಾಗೆ ನೇಯ್ದ ಮ್ಯಾಟಿ ಬಟ್ಟೆಗೆ ಮೊಂಡು ತುದಿಯ 24ನೇ ನಂಬರ್ ಸೂಜಿ ಬೇಕು, ಚೂಪು ಸೂಜಿ ಬೇಡ.

ಸಾಮಾನು ಹೆಚ್ಚೇನೂ ಇಲ್ಲ. ಇಂಚಿಗೆ 14 ಮನೆಯ ಮ್ಯಾಟಿ ಅರ್ಧ ಮೀಟರ್, ಕಣ್ಣಿಗೆ ಆಯಾಸ ಅನ್ನಿಸಿದರೆ 11 ಮನೆಯದು. 56 ಮನೆ ಅಗಲದ ಗೋಪುರ 14ರಲ್ಲಿ 4 ಇಂಚು, 11ರಲ್ಲಿ 5 ಇಂಚಿಗೆ ಸ್ವಲ್ಪ ಜಾಸ್ತಿ ಬರುತ್ತದೆ, ಬಟ್ಟೆ ಕತ್ತರಿಸುವ ಮೊದಲೇ ಈ ಲೆಕ್ಕ ಹಾಕಿಕೊಳ್ಳಿ. ಆಂಕರ್ ದಾರದ ಒಂದು ಲಡಿಯಲ್ಲಿ 6 ಎಳೆ, 8 ಮೀಟರ್. ಗವಂತಿಗೆ 14ರ ಮೇಲೆ 2 ಎಳೆ, 11ರ ಮೇಲೆ 3. ಆರೂ ಎಳೆ ಒಟ್ಟಿಗೆ ಎಳೆಯಬೇಡಿ, ಒಂದೊಂದೇ ಬಿಡಿಸಿ ಜೋಡಿಸಿ. 45 ಸೆಂ.ಮೀ.ಗಿಂತ ಉದ್ದ ದಾರ ತೆಗೆದುಕೊಂಡರೆ ಕೊನೆಕೊನೆಗೆ ಜುಂಗು ಎದ್ದು ಬಣ್ಣ ಮಂಕಾಗುತ್ತದೆ. ಗವಂತಿ ಮುಂದೆ ಹಿಂದೆ ಎರಡೂ ಕಡೆ ತುಂಬುವುದರಿಂದ 10 ಸೆಂ.ಮೀ. ಗೆರೆಗೆ 20ರಿಂದ 25 ಸೆಂ.ಮೀ. ದಾರ ಹಿಡಿಯುತ್ತದೆ. ಗಂಟು ಹಾಕುವಂತಿಲ್ಲ. 8 ಸೆಂ.ಮೀ. ತುದಿ ಬಿಟ್ಟು ಶುರುಮಾಡಿ, ಮುಗಿದ ಮೇಲೆ ಆ ತುದಿಯನ್ನು ಸೂಜಿಗೆ ಪೋಣಿಸಿ ಅದೇ ಗೆರೆಯ ನಾಲ್ಕೈದು ಹೊಲಿಗೆಯ ಅಡಿಯಲ್ಲಿ ನುಗ್ಗಿಸಿ ಕತ್ತರಿಸಿ.

ಬಟ್ಟೆ ಬಿಗಿದಿಡುವ ರಿಂಗು ಗವಂತಿಗೆ ಬೇಕಾಗಿಲ್ಲ, ಮ್ಯಾಟಿ ಗಡಸಾಗಿಯೇ ಇರುತ್ತದೆ. ನೇಗಿಗೆ ಮಾತ್ರ ಹಾಕಿಕೊಳ್ಳಿ, ಉದ್ದ ಹೊಲಿಗೆ ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ. ನೇಗಿಯಲ್ಲಿ 5 ಮನೆಗಿಂತ ಉದ್ದದ ಹೊಲಿಗೆ ಬಳೆಗೆ, ಉಗುರಿಗೆ ಸಿಕ್ಕಿಕೊಳ್ಳುತ್ತದೆ.

ತರಗತಿ ಆರಿಸುವ ವಿಷಯ. ಕಲಿಸುವವರ ಕೆಲಸ ನೋಡಿ ಒಪ್ಪಬೇಡಿ. ಹಿಂದಿನ ತಂಡದಲ್ಲಿ ಕಲಿತವರ ಬಟ್ಟೆ ಕೇಳಿ, ತಿರುಗಿಸಿ ನೋಡಿ. ಗ್ರಾಫ್ ಹಾಳೆಯ ಮೇಲೆ ದಾರಿ ಬರೆಸುತ್ತಾರೋ, ಅಚ್ಚಾದ ಚಿತ್ತಾರ ಕೊಟ್ಟು ಹೊಲಿಯಿರಿ ಅನ್ನುತ್ತಾರೋ ಕೇಳಿ. ಹೋಗುವ ದಾರಿ ಕೆಂಪು ಬಾಣ, ಬರುವ ದಾರಿ ನೀಲಿ ಬಾಣ ಹಾಕಿ ಬರೆಸುವವರಾದರೆ ಯೋಚಿಸದೆ ಸೇರಿ. ಎರಡು ತಾಸಿನ ತರಗತಿಯಲ್ಲಿ ಒಬ್ಬರು ಹತ್ತು ಜನಕ್ಕಿಂತ ಹೆಚ್ಚಿನವರ ಬಟ್ಟೆಯ ಹಿಂಬದಿ ನೋಡಲಾರರು. ಮೊದಲ ದಿನವೇ ನಾಲ್ಕೂ ಹೊಲಿಗೆ ಮುಗಿಸುತ್ತೇವೆ ಅಂದರೆ ಬೇಡ ಅನ್ನಿ. ಮೊದಲ ನಾಲ್ಕು ತರಗತಿ ಬರೀ ಗವಂತಿಗೇ ಹೋದರೂ ನಷ್ಟವಿಲ್ಲ, ನೇಗಿ ಮೆಂತಿ ಒಂದೊಂದು ದಿನದಲ್ಲಿ ಬರುತ್ತವೆ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಹಳ್ಳಿಯವರಿಗೆ ಹೊಲಿಗೆ ತರಬೇತಿ ಉಚಿತ. ಆದರೆ ಎಣಿಸಿ ಹಾಕುವ ಕಸೂತಿಯೂ ಇದೆಯೋ ಅಂತ ಬಿಡಿಸಿ ಕೇಳಿ, ಯಂತ್ರದ ಕಸೂತಿಗೂ ಅದೇ ಹೆಸರು ಹೇಳುವವರಿದ್ದಾರೆ.

ಅದೇ ಜಾಗದಲ್ಲಿ ಆರಿ, ಅಂದರೆ ಕೊಕ್ಕೆ ಸೂಜಿಯ ಕೆಲಸದ ತರಗತಿಯೂ ಇದೆ ಅಂದಿರಿ. ಒಟ್ಟಿಗೆ ಬೇಡ. ಆರಿಯಲ್ಲಿ ದಾರ ಅಡಿಯಲ್ಲಿ, ಕೊಕ್ಕೆ ಮೇಲಿನಿಂದ, ಬಟ್ಟೆ ಚೌಕಟ್ಟಿಗೆ ಬಿಗಿದಿರುತ್ತದೆ, ಹಿಂಬದಿಯ ಚಿಂತೆಯೇ ಇಲ್ಲ. ಕೈಗೆ ಎರಡು ವಿರುದ್ಧ ಅಭ್ಯಾಸ ಒಂದೇ ತಿಂಗಳಲ್ಲಿ ಹತ್ತಿಸಬಾರದು. ನಿಟ್ಟಿಂಗ್‌ನ ಬಣ್ಣದ ಚಾರ್ಟ್ ಓದಿ ರೂಢಿ ಇರುವುದು ಮಾತ್ರ ಕಸೂತಿಗೆ ತುಂಬ ಉಪಯೋಗ, ಮನೆ ಎಣಿಸುವುದು ನಿಮಗೆ ಹೊಸದಾಗಿ ಹೇಳಬೇಕಿಲ್ಲ.

ಮುಂದೆ ಸೀರೆಗೆ ಹಾಕುವ ಆಸೆ ಅಂತ ಬರೆದಿದ್ದೀರಿ. ಇಳಕಲ್ ಸೀರೆಯಲ್ಲಿ ನೂಲು ಎಣಿಸಿಯೇ ಹಾಕುತ್ತಿದ್ದರು. ಕಪ್ಪು ಚಂದ್ರಕಾಳಿ ಸೀರೆ ಹಿಡಿದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ನೂಲಿನ ಸಂದು ಕಾಣುತ್ತದೆ, ಕೆಲಸ ಹಗಲಿನಲ್ಲೇ ಇರಲಿ. ನುಣುಪು ರೇಷ್ಮೆಯಲ್ಲಿ ಎಣಿಸಲು ಆಗುವುದಿಲ್ಲ, ಮೇಲೆ ನೂಲು ಎಳೆದು ತೆಗೆಯುವ ಕ್ಯಾನ್ವಾಸ್ ಇಟ್ಟು ಸೀರೆಯ ಅಡ್ಡ ನೂಲಿಗೆ ನೇರವಾಗಿ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಇಲ್ಲಿ ಚೂಪು ಸೂಜಿಯೇ ಬೇಕು, ಆದರೆ ಅದು ಕ್ಯಾನ್ವಾಸಿನ ಸಂದಿನ ನಡುವೆಯೇ ಹೋಗಬೇಕು. ಕ್ಯಾನ್ವಾಸಿನ ನೂಲನ್ನು ಚುಚ್ಚಿದರೆ ಕೊನೆಗೆ ಅದು ಎಳೆದರೆ ಬರುವುದಿಲ್ಲ, ಜಗ್ಗಿದರೆ ಹೊಲಿಗೆ ಸಡಿಲಾಗುತ್ತದೆ. ಮುಗಿದ ಮೇಲೆ ಮೊದಲು ಅಡ್ಡ ನೂಲು ಎಲ್ಲ, ಆಮೇಲೆ ಉದ್ದ ನೂಲು, ಒಂದೊಂದೇ ತೆಗೆಯಿರಿ. ಗಂಜಿ ಹಾಕಿದ ಕ್ಯಾನ್ವಾಸ್ ಆದರೆ ಒದ್ದೆ ಬಟ್ಟೆಯಿಂದ ಸ್ವಲ್ಪ ತೇವ ಮಾಡಿದರೆ ಸರಾಗ ಬರುತ್ತದೆ. ಆದರೆ ತೇವ ಮಾಡುವ ಮೊದಲು, ಅಂದರೆ ಕೆಲಸ ಶುರುಮಾಡುವ ಮೊದಲೇ, ಕೆಂಪು, ಕಪ್ಪು, ಕಡುಹಸಿರು ದಾರದ ಒಂದೊಂದು ತುಂಡು ನೆನೆಸಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ಲಡಿ ಸೀರೆಗೆ ಬೇಡ, ಮ್ಯಾಟಿಯ ಅಭ್ಯಾಸಕ್ಕೆ ಇಟ್ಟುಕೊಳ್ಳಿ.